ಮೂಲೆಯಲ್ಲಿ ಕೇಂದ್ರ

ಅಂಬ್ರೆಲಾ ಲಂಗ ಅಣ್ಣನ ಮಗಳ ಸೊಂಟದಲ್ಲಿ ನಿಲ್ಲದೆ ಜಾರಿ ಪಾದದ ಸುತ್ತ ಬಿತ್ತು.

"ಅತ್ತೆ, ಇದರಲ್ಲಿ ನಾವಿಬ್ಬರೂ ತೂರ್ಕೋಬಹುದು."

ಅತ್ತೆಗೆ ನಗು ಬರಲಿಲ್ಲ. ದರ್ಜಿ ಕೆಲಸ ಹಿಡಿದಾಗಿನಿಂದ ಅವಳು ಅಂಬ್ರೆಲಾ ಲಂಗದಲ್ಲಿ ತಪ್ಪಿದವಳಲ್ಲ. ಸೊಂಟದ ಅಳತೆಯ ಆರನೇ ಒಂದು ಪಾಲನ್ನು, ನಾಲ್ಕು ಪದರಕ್ಕೆ ಮಡಚಿದ ಬಟ್ಟೆಯ ಮೂಲೆಯಿಂದ ಗುರುತು ಹಾಕಿ ಸೊಂಟದ ದುಂಡು ಕತ್ತರಿಸುವುದು ಅಮ್ಮ ಕಲಿಸಿದ ಕ್ರಮ. ಆದರೆ ಮಂಡಿನೋವಿಗೆ ವೈದ್ಯರು ಮಷಿನ್ ತುಳಿಯಬೇಡಿ ಎಂದಿದ್ದರು. ಉಳಿದದ್ದು ಹೊಲಿಗೆ ಶಾಲೆಯ ಶಿಕ್ಷಕಿಯ ಕೆಲಸ. ಅದಕ್ಕೆ ನಾಳೆ ಮಾದರಿ ಪಾಠ ಮಾಡಬೇಕಿತ್ತು, ಅದೂ ಪುಸ್ತಕದ ಪದಗಳಲ್ಲಿ.

ಪ್ರೌಢಶಾಲೆಯಲ್ಲಿ ಓದುವ ಅಣ್ಣನ ಮಗಳೇ ವಾರವಿಡೀ ಪಾಠ ಹೇಳಿದ್ದಳು. ಬಳೆಯ ಅಂಚು ಪರಿಧಿ, ತಟ್ಟೆಯ ಅಡ್ಡಗಲ ವ್ಯಾಸ, ಅದರರ್ಧ ತ್ರಿಜ್ಯ. ಪಾತ್ರೆಯ ವ್ಯಾಸ ಸಾಲದು ಎಂದು ಅತ್ತೆ ಅಡುಗೆಮನೆಯಲ್ಲಿ ಗೊಣಗಿದಾಗ ಗಂಡ ತಲೆ ಎತ್ತಿ ನೋಡಿದ್ದ. ಇವತ್ತು ಅತ್ತೆ ಆ ಪದಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಲಂಗ ಕತ್ತರಿಸಿದ್ದಳು. ಮೂಲೆಯಿಂದ ಆರನೇ ಒಂದು ಪಾಲಿನ ಬದಲು ಮೂರನೇ ಒಂದು ಪಾಲಿಗೆ ಗುರುತು ಬಿದ್ದಿತ್ತು.

"ಸೊಂಟದ ಅಳತೇನ ಮೂರರಿಂದ ಭಾಗಿಸಿದ್ರೆ ವ್ಯಾಸ ತಾನೆ?" ಅತ್ತೆ ಕೇಳಿದಳು.

"ವ್ಯಾಸಾನೇ. ಆದ್ರೆ ಮೂಲೆಯಿಂದ ಅಳೆಯೋದು ತ್ರಿಜ್ಯ. ಕೇಂದ್ರ ಇರೋದು ಮೂಲೇಲಿ ಅಲ್ವಾ?"

"ಕೇಂದ್ರ ಅಂದ್ರೆ ನಟ್ಟನಡು ಅಂತ ನೀನೇ ಹೇಳ್ದೆ. ಈಗ ಮೂಲೆ ಅಂತೀಯಲ್ಲೇ."

ಹುಡುಗಿ ಮತ್ತೊಮ್ಮೆ ವಿವರಿಸಿದಳು. ಬಿಡಿಬಿಡಿಯಾಗಿ ಪ್ರತಿ ಪದವೂ ಅತ್ತೆಗೆ ಅರ್ಥವಾಯಿತು. ಒಟ್ಟಿಗೆ ಬಂದಾಗ ದಾರದ ಉಂಡೆಯಂತೆ ಸಿಕ್ಕಾಯಿತು.

ಮರುದಿನ ಹೊಲಿಗೆ ಶಾಲೆಯಲ್ಲಿ ಅವಳು ಉದ್ದನೆಯ ಮೇಜಿನ ಮೇಲೆ ಹೊಸ ಬಟ್ಟೆಯನ್ನು ನಾಲ್ಕು ಪದರಕ್ಕೆ ಮಡಚಿದಳು. ಕಲಿಯುವವರು ಸುತ್ತ ನಿಂತಿದ್ದರು. ಮುಖ್ಯಸ್ಥೆ ಪೆನ್ನು ಹಿಡಿದು ಕುರ್ಚಿಯಲ್ಲಿದ್ದರು. ವೃತ್ತದ ಕೇಂದ್ರ ಎಲ್ಲಿದೆ ತೋರಿಸಿ ಎಂದರು.

ಅವಳ ಬೆರಳು ಮಡಿಕೆಯ ನಡುವಿಗೆ ಹೋಯಿತು, ಅಲ್ಲಿಂದ ಮೂಲೆಗೆ ಬಂತು.

"ಮೂಲೆ ಹೇಗೆ ನಡುವಾಗುತ್ತೆ, ಮೇಡಂ?" ಹಿಂದಿನಿಂದ ಒಬ್ಬಳು ಕೇಳಿದಳು.

"ನಂಗೂ ಅದೇ ತಲೆಗೆ ಹತ್ತಿಲ್ಲ, ತಾಯಿ. ತಡಿ, ನೋಡೋಣ."

ಮುಖ್ಯಸ್ಥೆಯ ಪೆನ್ನು ಕಾಗದದ ಮೇಲೆ ನಿಂತಿತು. ಅವಳು ಮೂಲೆಗೆ ತಾಗಿಸಿ ಮೇಜಿನ ಮೇಲೆ ಊರಿದ ಬೆರಳನ್ನು ಎತ್ತದೆ, ಇನ್ನೊಂದು ಕೈಯಿಂದ ಒಂದು ಮಡಿಕೆ ಬಿಡಿಸಿದಳು. ಆಮೇಲೆ ಇನ್ನೊಂದು. ಬಟ್ಟೆ ಅವಳ ಕೈಯನ್ನು ಮುಚ್ಚಿಕೊಂಡು ಮೇಜಿನಗಲಕ್ಕೂ ಹರಡಿತು. ಅದರ ನಟ್ಟನಡುವೆ, ಬೆರಳಿದ್ದಲ್ಲಿ, ಒಂದು ಸಣ್ಣ ಉಬ್ಬು.