ಬೀದಿಗೆ ಮುಖ ಮಾಡಿದ ಹೂವು

ಅರಳಿತ್ತು, ಆದರೆ ಕೋಣೆಗೆ ಬೆನ್ನು ಮಾಡಿ.

ಋಷಿಕೇಶ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕಿಟಕಿಯ ಹತ್ತಿರ ನಿಂತ. ಆರ್ಕಿಡ್ಡಿನ ಬಾಗಿದ ಕಡ್ಡಿಯ ಮೇಲೆ ನಿನ್ನೆಯವರೆಗೂ ಮೊಗ್ಗಾಗಿದ್ದದ್ದು ಈಗ ಬಿಚ್ಚಿಕೊಂಡಿತ್ತು. ಅವನಿಗೆ ಕಂಡದ್ದು ಎಸಳುಗಳ ಹಿಂಭಾಗ ಮತ್ತು ತೊಟ್ಟು. ಮುಖ ಬಿಸಿಲಿನ ಕಡೆಗೆ, ಅಂದರೆ ಹಿಂದಿನ ಓಣಿಯ ಕಡೆಗೆ.

ಧಾರವಾಡದಿಂದ ತಂದಾಗ ಅದರ ತುಂಬ ಹೂವಿತ್ತು. ಬ್ಯಾಡಗಿಯ ಈ ಬಾಡಿಗೆ ಮನೆ ಸೇರಿದ ಮೇಲೆ ಎಲ್ಲ ಉದುರಿತು. ಅಂದಿನಿಂದ ಅವನೇ ಸಾಕಿದ. ಮಣ್ಣು ಬೇಡ, ಇದ್ದಿಲು ಮತ್ತು ತೊಗಟೆ ಸಾಕು. ಬೇರು ಬೆಳ್ಳಗಾದರೆ ಮಾತ್ರ ನೀರು. ತಂಪು ತಾಗದಿದ್ದರೆ ಹೂವಿನ ಕಡ್ಡಿ ಹೊರಡುವುದಿಲ್ಲವೆಂದು ಎಲ್ಲೋ ಓದಿ, ಚಳಿಗಾಲವಿಡೀ ಕಿಟಕಿ ತೆರೆದಿಟ್ಟು ಮಲಗಿದ್ದ. ಹೆಂಡತಿ ನಂದಿತಾ ಅದನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಅವಳು ನೀರು ಹಾಕಿದ್ದಕ್ಕೆ ಮಾತು ಬಿಟ್ಟಿದ್ದ.

“ಹೂ ಬಿಟ್ಟದ ನೋಡು.”

ನಂದಿತಾ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. “ಹೌದಲ್ಲ.” ಒಳಗೆ ಹೊರಟವಳು ತಿರುಗಿ, “ರಾಣೆಬೆನ್ನೂರಿನ ಬೀಜದ ಕಂಪನಿಯವರು ಕೆಲಸಕ್ಕ ಕರದಾರ. ಅಲ್ಲೇ ಒಂದು ರೂಮ್ ನೋಡಿ ಬಂದೇನಿ” ಎಂದಳು.

“ದಿನಾ ಹೋಗಿ ಬರಬಹುದಲ್ಲ? ರೈಲು ಅದ.”

“ಬರಬಹುದು.”

“ಮತ್ತ?”

“ಮತ್ತೇನಿಲ್ಲ.” ಅವಳು ಕುಂಡದತ್ತ ಬೆರಳು ಮಾಡಿದಳು. “ಇದನ್ನ ಈ ಕಡೆ ತಿರುಗಿಸಿದ್ರ ನಮಗೂ ಕಾಣತದಲ್ರಿ?”

“ಬ್ಯಾಡ. ಉಳಿದ ಮೊಗ್ಗು ಉದುರತಾವ.”

“ಹಂಗಾದ್ರ ಇರಲಿ.”

ಹಾವೇರಿಯ ಬಸ್ಸಿನಲ್ಲಿ ಕೂತ ಮೇಲೆ ಋಷಿಕೇಶನಿಗೆ, ತಾನು ಇನ್ನೇನೋ ಹೇಳಬೇಕಿತ್ತು ಅನ್ನಿಸಿತು. ಹೋಗಬ್ಯಾಡ ಎನ್ನಬಹುದಿತ್ತು. ಯಾಕೆ ಎಂದು ಅವಳು ಕೇಳಿದ್ದರೆ? ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಕಾಲೇಜು ಬಂತು.

ಪಾಠದ ನಡುವಿನ ಬಿಡುವಿನಲ್ಲಿ, ಜೊತೆಗೆ ಪಾಠ ಮಾಡುವ ತೇಜಸನಿಗೆ ಮೊಬೈಲಿನಲ್ಲಿ ಹೂವಿನ ಚಿತ್ರ ತೋರಿಸಿದ.

“ಹಿಂದಿನಿಂದ ತಗದೀರಲ್ರಿ ಸರ್. ಮುಂದಿಂದು ತೋರಸ್ರಿ.”

“ಮುಂದಿಂದು ನಾನೂ ನೋಡಿಲ್ಲ.”

ತೇಜಸ ತಮಾಷೆ ಎಂದುಕೊಂಡು ಜೋರಾಗಿ ನಕ್ಕ. ಋಷಿಕೇಶನೂ ನಕ್ಕ.

ಸಂಜೆ ಬ್ಯಾಡಗಿಯಲ್ಲಿ ಇಳಿದವನು ಮನೆಯ ಬಾಗಿಲಿಗೆ ಹೋಗದೆ ಹಿಂದಿನ ಓಣಿಗೆ ಹೊರಳಿದ. ಅಲ್ಲಿಗೆ ಅವನೆಂದೂ ಕಾಲಿಟ್ಟಿರಲಿಲ್ಲ. ಮೆಣಸಿನಕಾಯಿ ಚೀಲಗಳ ಘಾಟು ಗಂಟಲು ಹಿಡಿಯಿತು. ಹಮಾಲರು ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಅವನೂ ಒಂದು ಚಹಾ ಹೇಳಿ, ತಲೆ ಎತ್ತಿ ಮಹಡಿಯ ಮೇಲಿನ ತನ್ನ ಕಿಟಕಿಯನ್ನು ನೋಡಿದ.

ಬಿಳಿ ಎಸಳು, ನಡುವೆ ತುಟಿಯಂಥ ಒಂದು ಕಡುನೇರಳೆ ಎಸಳು. ಸಂತೋಷವಾಗುತ್ತದೆ ಎಂದುಕೊಂಡಿದ್ದ. ಯಾರದೋ ಮನೆಯ ಹೂವನ್ನು ನೋಡಿದಂತಾಯಿತು.

“ಚಂದ ಐತಲ್ರಿ?” ಅಂಗಡಿಯ ಶಮಶೇರಸಾಬ ಗ್ಲಾಸು ಕೊಡುತ್ತ ಕೇಳಿದ. “ಮುಂಜಾನಿಂದ ಬಂದವ್ರೆಲ್ಲಾ ಅದನ್ನ ನೋಡಾಕತ್ತಾರ.”

“ಯಾರ ಮನಿ ಅದು?” ಮಾತು ತಾನಾಗಿಯೇ ಬಂದುಬಿಟ್ಟಿತು.

“ಹೆಸರು ಗೊತ್ತಿಲ್ರಿ. ಹೆಣ್ಮಗಳೊಬ್ಬರು ಅದಾರ. ಮಧ್ಯಾಹ್ನ ಆ ಕಿಟಕ್ಯಾಗ ತಾಟು ಹಿಡಕೊಂಡು ಕುಂತು ಉಣತಾರ. ಒಬ್ಬರ ಇರತಾರ ಕಾಣತೈತಿ, ಪಾಪ.” ಆಮೇಲೆ ಅವನನ್ನು ಸರಿಯಾಗಿ ನೋಡಿ, “ನೀವು ಈ ಊರವ್ರಲ್ಲೇನ್ರಿ?” ಎಂದ.

“ಅಲ್ಲ,” ಎಂದ ಋಷಿಕೇಶ.

ಕತ್ತಲಾಗುತ್ತಿತ್ತು. ಕಿಟಕಿಯಲ್ಲಿ ನಂದಿತಾ ಕಾಣಿಸಿಕೊಂಡಳು. ಘಾಟಿಗೆ ಕೆಮ್ಮುತ್ತ ಗಾಜಿನ ಕದವೆಳೆದುಕೊಳ್ಳಲು ಕೈ ಚಾಚಿದವಳು ಒಂದು ಗಳಿಗೆ ಓಣಿಯ ಕಡೆ ನೋಡಿದಳು. ಆ ನೋಟ ಚೀಲಗಳ ಮೇಲೆ, ಹಮಾಲರ ಮೇಲೆ, ಅವನ ಮೇಲೆ ಹಾದು ಮುಂದೆ ಹೋಯಿತು. ಕೈ ಎತ್ತಬೇಕೆಂದುಕೊಂಡ. ಕೈಯಲ್ಲಿ ಚಹಾ ಇತ್ತು.

ಕಿಟಕಿ ಮುಚ್ಚಿತು. ಒಳಗೆ ದೀಪ ಹತ್ತಿತು. ಆ ಬೆಳಕು ಹಿಂದಿನಿಂದ ಬಿದ್ದದ್ದೇ, ಗಾಜಿಗಂಟಿದ ಹೂವಿನ ಬಣ್ಣವೆಲ್ಲ ಹೋಗಿ ಬರೀ ಒಂದು ಕಪ್ಪು ಆಕಾರ ಉಳಿಯಿತು.