ಎನಫ್ ಅಂದಮೇಲೂ ಒಂದು ಸೌಟು

ಹುಣಸೂರಿನ ಹೈಸ್ಕೂಲಿನಲ್ಲಿ ವಾಣಿಶ್ರೀ ಅಂದು ಮಕ್ಕಳಿಗೆ ‘ಎನಫ್’ ಪದದ ಪಾಠ ಮಾಡಿದಳು. ಎಷ್ಟು ಬೇಕೋ ಅಷ್ಟು, ಕಮ್ಮಿಯೂ ಅಲ್ಲ, ಜಾಸ್ತಿಯೂ ಅಲ್ಲ ಎಂದು ಹೇಳುವಷ್ಟರಲ್ಲಿ ತನಗೆ ಇಂಗ್ಲಿಷ್ ಕಲಿಸಿದ ಗಂಗಾಧರಪ್ಪ ಮೇಷ್ಟ್ರು ನೆನಪಾದರು. ಆ ಪದ ಅವಳ ಕಿವಿಗೆ ಸರಿಯಾಗಿ ಬಿದ್ದದ್ದು ಶಾಲೆಯಲ್ಲಲ್ಲ, ಕಟ್ಟೆಮಳಲವಾಡಿಯ ತನ್ನ ಮನೆಯ ನಡುಮನೆಯಲ್ಲಿ.

ಆಗ ಅವಳ ಹತ್ತನೇ ಕ್ಲಾಸು ಮುಗಿದಿತ್ತು. ಅಪ್ಪ ಪುಟ್ಟಮಲ್ಲಪ್ಪ, “ಓದಿದ್ದು ಸಾಕು, ಹೊಗೆಸೊಪ್ಪು ಕಟ್ಟಾಕೆ ಮನೇಲಿ ಕೈ ಬೇಕು” ಎಂದು ಪಟ್ಟು ಹಿಡಿದಿದ್ದ. ಬುದ್ಧಿ ಹೇಳಲು ಬಂದ ಮೇಷ್ಟ್ರನ್ನು ಬಾಯಿ ಬಿಡಲೂ ಬಿಡದೆ ಊಟಕ್ಕೆ ಕೂರಿಸಿದ. ಬಂದವರು ಸಾಕು ಅಂದ ಕೂಡಲೇ ಸೌಟು ನಿಲ್ಲಿಸಿದರೆ ಆ ಮನೆಯ ಮರ್ಯಾದೆ ಏನಾಗಬೇಕು? ಮೇಷ್ಟ್ರು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಪಾಯಸ ಸುರಿದ.

“ಎನಫ್, ಪುಟ್ಟಮಲ್ಲಪ್ಪನವರೇ, ಎನಫ್!”

“ಅಂಗಂದ್ರೆ ಏನು ಸಾ?”

“ಸಾಕು ಅಂತ. ಹೊಟ್ಟೆ ತುಂಬೋವಷ್ಟು ಆಯ್ತು ಅಂತ.”

“ಉಣ್ಣೋರು ಅಂಗೇ ಅಂತಾರೆ, ಬುಡಿ. ಬಡಿಸೋನು ಕೇಳಬಾರ್ದು.”

ಮೇಷ್ಟ್ರು ತಲೆ ಎತ್ತಿದರು. “ನಿಮ್ಮ ಮಗಳು ಸಾಕು ಅಂತ ಬಾಯ್ಬಿಟ್ಟು ಹೇಳೇ ಇಲ್ವಲ್ರೀ. ಅವಳಿಗೆ ಯಾಕೆ ಸೌಟು ನಿಲ್ಲಿಸಿದ್ರಿ?”

ಅಪ್ಪ ಪಾತ್ರೆ ಕೆಳಗಿಟ್ಟ. ರಜ ಮುಗಿದಾಗ ತಾನೇ ಹೋಗಿ ಅವಳನ್ನು ಕಾಲೇಜಿಗೆ ಸೇರಿಸಿ ಬಂದ.

ಈಗ ಮೇಷ್ಟ್ರಿಲ್ಲ. ಅಪ್ಪನೋ, ಜ್ವರ ಬಿಟ್ಟ ಮೇಲೂ ಅನ್ನ ಕಂಡರೆ ಮುಖ ತಿರುಗಿಸುತ್ತಾನೆ. ಉಂಡರೆ ಉಳಿದಾರು ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಸಂಜೆ ವಾಣಿಶ್ರೀ ಶಾಲೆಯಿಂದ ಬಂದವಳೇ ಬೆಚ್ಚಗಿನ ಗಂಜಿ ತಂದಿಟ್ಟಳು. ಎರಡು ಗುಟುಕಿಗೇ ಅಪ್ಪ ಬಟ್ಟಲಿಗೆ ಕೈ ಅಡ್ಡ ಇಟ್ಟ.

“ಸಾಕು ಕಣವ್ವ.”

ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಬೆರಳ ಸಂದಿಯಲ್ಲೇ ಒಂದು ಸೌಟು ಸುರಿದಳು.

“ಎನಫ್ ಕಣವ್ವ, ಎನಫ್!” ಎಂದ ಅಪ್ಪ. ಇಷ್ಟು ವರ್ಷವೂ ಆ ಪದವನ್ನು ಎಲ್ಲಿಟ್ಟುಕೊಂಡಿದ್ದನೋ!

“ಉಣ್ಣೋರು ಅಂಗೇ ಅಂತಾರೆ, ಬುಡಪ್ಪ.”

ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಗಂಜಿ ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, ಬಟ್ಟಲ ಮೇಲಿಂದ ಕೈ ತೆಗೆದ.