ಕೂಗದ ಅಲಾರಂ

ಗಾಳಿಗುಳ್ಳೆಯೊಂದು ನಳಿಕೆಯಲ್ಲಿ ನಿಧಾನವಾಗಿ ಜಾರಿ ಪಂಪನ್ನು ದಾಟಿ ಹೋಯಿತು. ಅಲಾರಂ ಕೂಗಲಿಲ್ಲ. ಪಂಪು ಪರೀಕ್ಷಿಸುವ ಕೆಲಸದ ಸಂಯುಕ್ತಾ ಇನ್ನೆರಡು ಸಲ ಗುಳ್ಳೆ ಬಿಟ್ಟು ನೋಡಿದಳು. ಪಂಪು ತನ್ನ ಪಾಡಿಗೆ ಓಡುತ್ತಲೇ ಇತ್ತು. ರೋಗಿಯ ರಕ್ತನಾಳಕ್ಕೆ ಔಷಧಿ ಹರಿಸುವ ಯಂತ್ರ ಅದು; ಔಷಧಿಯ ಜೊತೆ ಗಾಳಿ ಹೊಕ್ಕರೆ ಜೀವಕ್ಕೇ ಅಪಾಯ. ಸೋಮವಾರ ಠಾಣೆ ನಗರದ ಆಸ್ಪತ್ರೆಯೊಂದಕ್ಕೆ ಪ್ರಯೋಗಕ್ಕೆ ಹೋಗಬೇಕಿತ್ತು.

ಪಂಪಿನ ಸಾಫ್ಟ್‌ವೇರ್ ಬರೆಯುವವರು ನವಿ ಮುಂಬಯಿಯಲ್ಲಿ, ಅವಳಿದ್ದ ಕಚೇರಿಯಲ್ಲೇ ಇದ್ದರು. ಯಂತ್ರ ಜೋಡಿಸುವವರು ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ. ಅಲ್ಲಿನ ಯಶ್ವಂತನಿಗೆ ಫೋನು ಮಾಡಿದಳು.

"ಗುಳ್ಳೆ ಪತ್ತೆಮಾಡುವ ಸೆನ್ಸರ್ ಬದಲಾಯಿಸಿದ್ದು ಹೌದು," ಎಂದ ಅವನು, ದನಿ ತಗ್ಗಿಸಿ. "ಹಳೇದು ಸಿಗ್ಲಿಲ್ಲ. ಹೇಳುವುದು ಯಾರಿಗೆ ಮಾರಾಯ್ರೆ? ಕಮಲಾಕ್ಷನಿಗೆ ಆದದ್ದು ನೋಡಿದ್ದೀರಲ್ಲ."

ನೋಡಿದ್ದಳು. ಮೋಟರು ಬಿಸಿಯಾಗುತ್ತದೆಂದು ಮೀಟಿಂಗಿನಲ್ಲಿ ಬಾಯಿಬಿಟ್ಟದ್ದಕ್ಕೆ, ಪ್ರಾಜೆಕ್ಟಿನ ಮುಖ್ಯಸ್ಥ ಅನಂತರಾಮ ಎಲ್ಲರೆದುರು ಕಮಲಾಕ್ಷನ ನೀರಿಳಿಸಿ ಅಂದೇ ಕೆಲಸದಿಂದ ತೆಗೆದಿದ್ದರು. ಆಮೇಲೆ ಎಲ್ಲ ತಂಡಗಳೂ ವಾರವಾರವೂ ಪರದೆಯ ಮೇಲೆ ಎಲ್ಲ ಸರಿಯಿದೆಯೆಂಬ ಹಸಿರು ಗುರುತನ್ನೇ ತೋರಿಸುತ್ತಿದ್ದವು. ಪಕ್ಕದ ತಂಡ ಏನು ಮಾಡುತ್ತಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಹೊಸ ಸೆನ್ಸರಿನ ಭಾಷೆ ಸಾಫ್ಟ್‌ವೇರಿಗೆ ತಿಳಿಯದೇ ಹೋದದ್ದು ಹೀಗೆ.

ಮಧ್ಯಾಹ್ನದ ಮೀಟಿಂಗಿಗೆ ಡೊಂಬಿವಲಿಯವರು ಪರದೆಯಲ್ಲಿ ಸೇರಿಕೊಂಡರು. ತಾನೂ ಹಸಿರು ಹಾಕಿಬಿಟ್ಟರೆ ಕೇಳುವವರಿರಲಿಲ್ಲ. ಅವಳು ಕೆಂಪು ಹಾಕಿದಳು.

ಅನಂತರಾಮ ಕನ್ನಡಕ ತೆಗೆದರು. "ಇದೇನಮ್ಮ ಇದು?"

"ಗಾಳಿಗುಳ್ಳೆ ಹೋದ್ರೂ ಅಲಾರಂ ಆಗ್ತಿಲ್ಲ ಸರ್. ಮೂರು ಸಲ ನೋಡ್ದೆ."

"ಯಾರದು ತಪ್ಪು?"

ಪರದೆಯ ಚೌಕವೊಂದರಲ್ಲಿ ಯಶ್ವಂತ ಉಸಿರು ಹಿಡಿದು ಕೂತಿದ್ದ. ಸಂಯುಕ್ತಾ ಅವನ ಹೆಸರೆತ್ತಲಿಲ್ಲ.

"ಹೀಗೆ ಕೇಳ್ತೀರಿ ಅಂತಾನೇ ಯಾರೂ ಏನೂ ಹೇಳಲ್ಲ ಸರ್," ಎಂದಳು. "ಸೋಮವಾರ ಇದನ್ನ ಯಾರದೋ ಕೈಗೆ ಚುಚ್ತಿದ್ವಿ."

ಇನ್ನು ತನ್ನ ಕಥೆ ಮುಗಿಯಿತೆಂದುಕೊಂಡಳು. ಆಗ ಯಶ್ವಂತ ಮೆಲ್ಲಗೆ ಒಪ್ಪಿಕೊಂಡ: ಸೆನ್ಸರ್ ಬದಲಾಯಿಸಿದವನು ತಾನು, ಯಾರಿಗೂ ತಿಳಿಸಲಿಲ್ಲ.

ಅನಂತರಾಮ ಕನ್ನಡಕ ಮತ್ತೆ ಹಾಕಿಕೊಂಡರು. ಬೇರೇನಾದರೂ ದೋಷ ಇದೆಯೇ ಎಂದು ಎಲ್ಲರನ್ನೂ ಕೇಳಿದರು. ಯಾರ ತಪ್ಪೆಂದು ಕೇಳಲಿಲ್ಲ. ಬ್ಯಾಟರಿಯವರು ಅಳುಕುತ್ತ ಕೈಯೆತ್ತಿದರು. ಆಮೇಲೆ ಸಾಫ್ಟ್‌ವೇರಿನವರು. ಒಂದೊಂದೇ ದೋಷ ಹೊರಬರುತ್ತಿದ್ದಂತೆ ಅನಂತರಾಮರ ಮುಖ ಬಿಳಿಚಿಕೊಂಡಿತು. ಅವರಿಗೂ ಹೆದರಿಕೆಯಾಗುವುದನ್ನು ಸಂಯುಕ್ತಾ ನೋಡಿದ್ದು ಅದೇ ಮೊದಲು.

ಪಂಪು ಆಸ್ಪತ್ರೆಗೆ ಹೋಗಲಿಲ್ಲ. ಸೋಮವಾರ ಯಶ್ವಂತನನ್ನು ನವಿ ಮುಂಬಯಿಗೆ ಕರೆಸಿದರು. ಕೆಲಸ ಹೋಯಿತೆಂದೇ ನಂಬಿ ಅವನು ಹಿಂದಿರುಗಿಸಲು ಗುರುತಿನ ಚೀಟಿ ಕೈಯಲ್ಲಿ ಹಿಡಿದು ಬಂದ. ಅನಂತರಾಮ ಸಾಫ್ಟ್‌ವೇರಿನವರ ನಡುವೆ ಅವನಿಗೊಂದು ಕುರ್ಚಿ ಹಾಕಿಸಿ, ಇದು ಸರಿಹೋಗುವವರೆಗೆ ಇಲ್ಲೇ ಇರಿ ಎಂದು ಹೇಳಿ ಹೋದರು. ಅವರು ಹೋದ ಮೇಲೂ ಯಶ್ವಂತ ಕುರ್ಚಿಯ ತುದಿಯಲ್ಲೇ ಕೂತಿದ್ದ. ಸಂಯುಕ್ತಾ ಅವನ ಮುಂದೆ ಚಹಾ ತಂದಿಟ್ಟಳು. ಅವಳಿಗೂ ಭಯ ಪೂರ್ತಿ ಹೋಗಿರಲಿಲ್ಲ.